ಎರಡು ಗೀಟು

ಎದುರು ಪಕ್ಷದ ವಕೀಲ ಪೆನ್ನು ಚಾಚಿದ. ಥರ್ಜಾ ಪೆಗ್ಲರ್ ತೆಗೆದುಕೊಳ್ಳಲಿಲ್ಲ.

ಅವನು ಅದನ್ನು ಕಟಕಟೆಯ ಅಂಚಿನ ಮೇಲೆ ಇಟ್ಟ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟ. "ನಿಮ್ಮ ಹೆಸರು ಬರೆದರೆ ಸಾಕು, ಮಿಸೆಸ್ ಪೆಗ್ಲರ್. ದಿನಾ ಬರೆಯೋ ಹಾಗೇ ಬರೀರಿ. ಅವಸರ ಏನಿಲ್ಲ," ಎಂದ.

ಅವಸರವಿಲ್ಲ ಎನ್ನುವ ಮಾತನ್ನು ಅವನು ಎಷ್ಟು ಮೃದುವಾಗಿ ಹೇಳಿದನೆಂದರೆ, ಅವನಿಗೆ ಎಲ್ಲವೂ ಮೊದಲೇ ಗೊತ್ತು ಎಂದು ಥರ್ಜಾಗೆ ಆ ಕ್ಷಣವೇ ತಿಳಿಯಿತು. ಅವಳಿಗೆ ಎಪ್ಪತ್ತೆರಡು ವರ್ಷ. ಏಳನೆಯ ವಯಸ್ಸಿನಿಂದ ಕಲ್ಲಿದ್ದಲು ಎತ್ತಿದ ಕೈ. ಹದಿನಾಲ್ಕನೆಯ ವಯಸ್ಸಿನಲ್ಲಿ ದೋಣಿಗೂ ಕಲ್ಲಿನ ಗೋಡೆಗೂ ನಡುವೆ ಸಿಕ್ಕಿ ಜಜ್ಜಿಹೋದ ತೋರುಬೆರಳು ಇವತ್ತಿಗೂ ಮಡಿಚುವುದಿಲ್ಲ. ಆ ಕೈಯನ್ನು ಅವಳು ಕೋಟಿನ ಜೇಬಿಗೆ ಹಾಕಿಕೊಂಡಳು.

ಹಿಂದಿನ ಬೆಂಚಿನಲ್ಲಿ ಅವಳ ಕಟ್ಟಡದ ಐದು ಮನೆಯವರು ಕೂತಿದ್ದರು. ಆಚೆ ಬದಿಗೆ ನೆಲದ ಒಡೆತನದ ಕಂಪನಿಯ ಏಜೆಂಟ್ ಟೋಬಿ ವೇಕ್‌ಲಿನ್, ಮೂವತ್ತರ ಹುಡುಗ, ಮೊಣಕಾಲಿನ ಮೇಲೆ ಫೈಲು ಇಟ್ಟುಕೊಂಡು ತುಟಿಯಂಚಿನಲ್ಲೇ ನಗುತ್ತಿದ್ದ.

ವಕೀಲ ಎರಡು ಕಾಗದ ತೆಗೆದ. ಒಂದು, ಸಾವಿರದ ಒಂಬೈನೂರ ಎಂಬತ್ತಮೂರರ ಕ್ರಯಪತ್ರ. ಸಹಿಯ ಜಾಗದಲ್ಲಿ ಒಂದಕ್ಕೊಂದು ಅಡ್ಡ ಬಿದ್ದ ಎರಡು ಗೀಟು. ಪಕ್ಕದಲ್ಲಿ ಯಾರೋ ಗುಮಾಸ್ತ 'ಥರ್ಜಾ ಪೆಗ್ಲರ್, ಅವರ ಗುರುತು' ಎಂದು ಬರೆದಿದ್ದ. ಇನ್ನೊಂದು, ಕಳೆದ ವರ್ಷ ಆರು ಮನೆಯವರು ಕಂಪನಿಗೆ ಕಳಿಸಿದ ನೋಟೀಸು. ಅದರಲ್ಲಿ ಅದೇ ಹೆಸರು ದುಂಡಗೆ, ಇಸ್ಕೂಲಿನ ಹುಡುಗಿ ಬರೆದ ಹಾಗೆ ಇತ್ತು.

"ಇವೆರಡರಲ್ಲಿ ನಿಮ್ಮದು ಯಾವುದು?"

"ಇಂಟು ನಂದು," ಎಂದಳು ಥರ್ಜಾ. "ಇನ್ನೊಂದು ನನ್ ಮಗಳು ರೋಡಾ ಬರೆದದ್ದು. ನಾನೇ ಬರಿ ಅಂದಿದ್ದೆ."

"ಅಂದರೆ ನಿಮಗೆ ಬರೆಯೋಕೆ ಬರಲ್ಲ."

"ಬರಾಕಿಲ್ಲ."

"ಓದೋಕೆ?"

"ಅದೂ ಬರಾಕಿಲ್ಲ."

"ಹಾಗಾದರೆ ಈ ನೋಟೀಸಲ್ಲಿ ಏನಿದೆ ಅನ್ನೋದೇ ನಿಮಗೆ ಗೊತ್ತಿರಲಿಲ್ಲ."

"ನಮ್ ಮನೆ ಕೆಳಗಿನ ನೆಲ ನಾವು ಕೊಂಡ್ಕತೀವಿ ಅಂತ ಐತೆ. ಅಷ್ಟು ಗೊತ್ತಿತ್ತು."

ಯಾರೋ ನಕ್ಕರು. ಹಿಂದಿನ ಬೆಂಚಿನಿಂದಲೋ ಪಕ್ಕದಿಂದಲೋ ಅವಳಿಗೆ ತಿಳಿಯಲಿಲ್ಲ. ತಿಳಿಯದ್ದೇ ಅವಳನ್ನು ಹೆಚ್ಚು ಸುಟ್ಟಿತು.

ಆ ನೆಲದ ಮಾತು ಹೇಳಬೇಕು.

ಥರ್ಜಾ ಇರುವ ಕೋಲ್ ವಾರ್ಫ್ ಕೋರ್ಟ್ ಎನ್ನುವುದು ಆ್ಯಪ್ಸ್ಲಿ ಊರಿನ ಕಾಲುವೆ ದಂಡೆಯ ಮೇಲಿನ ಮೂರು ಮಹಡಿಯ ಇಟ್ಟಿಗೆ ಕಟ್ಟಡ. ಹನ್ನೆರಡು ಮನೆ. ಅದು ಏಳುವ ಮೊದಲು ಅಲ್ಲಿದ್ದದ್ದು ಕಾಗದದ ಮಿಲ್ಲಿಗೆ ಕಲ್ಲಿದ್ದಲು ಇಳಿಸುವ ಕಟ್ಟೆ. ಉತ್ತರದ ಗಣಿಗಳಿಂದ ದೋಣಿಗಳ ಜೋಡಿ ಬರುತ್ತಿತ್ತು. ಜೋಡಿಗೆ ಐವತ್ತು ಟನ್ನು. ತಂದವರೇ ಸಲಿಕೆ ಹಿಡಿದು ಖಾಲಿ ಮಾಡಬೇಕು. ಥರ್ಜಾ ಹುಟ್ಟಿದ್ದು ಅಂಥದೊಂದು ದೋಣಿಯ ಗೂಡಿನಲ್ಲಿ. ಹತ್ತಡಿ ಉದ್ದ, ಏಳಡಿ ಅಗಲದ ಗೂಡು. ಒಳಗೆ ಅಪ್ಪ, ಅಮ್ಮ, ನಾಲ್ಕು ಮಕ್ಕಳು, ಒಂದು ಒಲೆ. ಇಳಿಸುವ ದಿನ ಅಮ್ಮ ತಲೆಗೆ ಬಟ್ಟೆ ಕಟ್ಟಿ ಸಲಿಕೆ ಹಿಡಿದರೆ ಸಂಜೆಯ ಹೊತ್ತಿಗೆ ಅವಳ ಕಣ್ಣಿನ ಬಿಳಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಬಂದ ಕೂಲಿಗೆ ಅಪ್ಪ ಇಂಟು ಹಾಕುತ್ತಿದ್ದ.

ದೋಣಿ ನಿಲ್ಲುವುದಿಲ್ಲ, ಇಸ್ಕೂಲು ನಡೆದು ಬರುವುದಿಲ್ಲ. ಹಾಗಾಗಿ ಅಕ್ಷರ ಬರಲಿಲ್ಲ. ಊರವರು ಇವರನ್ನು ಕೊಳಕು ದೋಣಿಯವರು ಎನ್ನುತ್ತಿದ್ದರು. ಅಂಗಡಿಯವರು ಬಾಗಿಲಾಚೆಯೇ ನಿಲ್ಲಿಸಿ ಬ್ರೆಡ್ಡು ಕೊಡುತ್ತಿದ್ದರು. ಎಲ್ಲಿ ಹಗ್ಗ ಕಟ್ಟಿದರೂ ಒಬ್ಬ ಬಂದು, ಹೊರಡಿ, ಮುಂದೆ ಹೊರಡಿ ಎಂದು ಕೂಗುತ್ತಿದ್ದ. ಥರ್ಜಾ ಬಾಲ್ಯದಲ್ಲಿ ತನ್ನ ಹೆಸರಿಗಿಂತ ಹೆಚ್ಚು ಕೇಳಿದ್ದು ಆ ಮಾತನ್ನು.

ಅರವತ್ತಮೂರರ ಚಳಿಗಾಲದಲ್ಲಿ ಕಾಲುವೆ ಹೆಪ್ಪುಗಟ್ಟಿತು. ಹತ್ತು ವಾರ ದೋಣಿ ಅಲುಗಲಿಲ್ಲ. ಆಗ ಅವಳಿಗೆ ಮದುವೆಯಾಗಿ ಮೂರು ವರ್ಷ, ಮಡಿಲಲ್ಲಿ ಎರಡು ವರ್ಷದ ರೋಡಾ. ಸಾಗಣೆ ಕಂಪನಿಯ ಗುಮಾಸ್ತ ಮಂಜುಗಡ್ಡೆಯ ಮೇಲೆ ನಡೆದುಕೊಂಡು ಬಂದ. ಕಾಗದ ತಂದಿದ್ದ. ಇಬ್ಬರೂ ಗುರುತು ಹಾಕಿ, ನಿಮಗೆ ಮನೆ ಕೊಡಿಸುತ್ತೇವೆ ಎಂದ. ಗಂಡ ಎಬ್ ಹಾಕಿದ. ಅವಳೂ ಹಾಕಿದಳು. ಮಂಜು ಕರಗಿದ ವಾರ ದೋಣಿಯನ್ನು ಎಳೆದುಕೊಂಡು ಹೋದರು. ಕೆಲಸವನ್ನೂ ದೋಣಿಯನ್ನೂ ತಾವಾಗಿಯೇ ಬಿಟ್ಟಿದ್ದೇವೆ, ನಮ್ಮದೇನೂ ಹಕ್ಕಿಲ್ಲ ಎಂದು ಆ ಕಾಗದದಲ್ಲಿ ಇತ್ತಂತೆ. ಮನೆಯ ಸುದ್ದಿ ಅದರಲ್ಲಿ ಎಲ್ಲೂ ಇರಲಿಲ್ಲ.

ಎಬ್ ಮಿಲ್ಲಿಗೆ ಸೇರಿದ. ಅವಳು ಅದೇ ಮಿಲ್ಲಿನ ನೆಲ ಒರೆಸಿದಳು. ಇಪ್ಪತ್ತು ವರ್ಷ ಒರೆಸಿ, ಕಟ್ಟೆಯ ಮೇಲೆ ಎದ್ದಿದ್ದ ಕಟ್ಟಡದಲ್ಲಿ ಎರಡನೆಯ ನಂಬರಿನ ಮನೆ ಕೊಂಡರು. ಕೊಂಡೆವು ಎಂದುಕೊಂಡರು. ಕೊಂಡದ್ದು ಗುತ್ತಿಗೆ. ತೊಂಬತ್ತೊಂಬತ್ತು ವರ್ಷದ ಗುತ್ತಿಗೆಯಲ್ಲಿ ಅಷ್ಟು ಹೊತ್ತಿಗೇ ಹನ್ನೆರಡು ಸವೆದಿತ್ತು. ಇಟ್ಟಿಗೆಯ ಒಳಗೆ ಇರಬಹುದು, ನೆಲ ಮಾತ್ರ ಧಣಿಯದು. ಅವಧಿ ಮುಗಿದ ದಿನ ಇಟ್ಟಿಗೆಯೂ ಅವನದೇ. ಈ ದೇಶದಲ್ಲಿ ಲಕ್ಷಾಂತರ ಜನ ಹೀಗೇ ಬದುಕುತ್ತಾರೆ, ಇದಕ್ಕೆ ಕಾನೂನು ಎಂದು ಹೆಸರು.

ಧಣಿ ಎಂದರೆ ಒಂದು ಕಂಪನಿ. ಅದರ ಮುಖವನ್ನು ಯಾರೂ ನೋಡಿರಲಿಲ್ಲ. ಕಾಗದ ಬರುತ್ತಿತ್ತು. ಬಾಗಿಲಿನ ಬಣ್ಣ ಬದಲಿಸಲು ಅಪ್ಪಣೆ ಬೇಕು. ನಾಯಿಗೆ ಅಪ್ಪಣೆ ಬೇಕು. ಕಿಟಕಿಯಾಚೆ ಬಟ್ಟೆ ಒಣಗಿಸುವ ಹಾಗಿಲ್ಲ. ಮೆಟ್ಟಿಲು ತೊಳೆಯುವವರ ಸಂಬಳವನ್ನು ವರ್ಷಾ ವರ್ಷ ವಸೂಲಿ ಮಾಡುತ್ತಿದ್ದರು, ತೊಳೆಯುವವರು ಬಂದದ್ದನ್ನು ಯಾರೂ ಕಾಣಲಿಲ್ಲ. ಪ್ರತಿ ಶನಿವಾರ ಮೂರು ಮಹಡಿಯ ಮೆಟ್ಟಿಲನ್ನು ಮಂಡಿಯೂರಿ ಉಜ್ಜಿದವಳು ಥರ್ಜಾ. ಯಾರೂ ಹೇಳಿರಲಿಲ್ಲ. ಕೊಳಕು ದೋಣಿಯವರು ಎಂದು ಕೇಳಿ ಬೆಳೆದವಳಿಗೆ ಕೊಳಕು ಮೆಟ್ಟಿಲು ಸಹಿಸಲು ಆಗುತ್ತಿರಲಿಲ್ಲ, ಅಷ್ಟೆ. ಒಮ್ಮೆ ಅಮ್ಮನ ನೀರಿನ ಡಬ್ಬಿಯನ್ನು, ಗುಲಾಬಿ ಹೂ ಬರೆದ ಹಳೆಯ ಡಬ್ಬಿಯನ್ನು, ಬಾಗಿಲ ಪಕ್ಕ ಇಟ್ಟಳು. ಹದಿನಾಲ್ಕು ದಿನದೊಳಗೆ ತೆಗೆಯತಕ್ಕದ್ದು ಎಂದು ಕಾಗದ ಬಂತು. ಓದಿ ಹೇಳಿದವಳು ರೋಡಾ. ಡಬ್ಬಿಗೂ ಹೊರಡು ಎಂದರಲ್ಲ ಎಂದು ಥರ್ಜಾ ಆ ದಿನವಿಡೀ ಗೊಣಗಿದಳು.

ಎಬ್ ತೀರಿಕೊಂಡ. ಗುತ್ತಿಗೆ ಅರವತ್ತು ವರ್ಷಕ್ಕೆ ಇಳಿಯಿತು. ರೋಡಾ ಸೂಪರ್‌ಮಾರ್ಕೆಟ್ಟಿನಲ್ಲಿ ದುಡಿಯುತ್ತ, ಮಗಳು ಮೊಮ್ಮಗುವಿನ ಜೊತೆ ಬಾಡಿಗೆ ಮನೆಯಲ್ಲಿದ್ದಳು. ನಾಲ್ಕು ವರ್ಷದಲ್ಲಿ ಮೂರು ಮನೆ. ಪ್ರತಿ ಸಲವೂ ಮಾಲೀಕ ಮಾರುತ್ತೇನೆ, ಹೊರಡಿ ಎಂದಿದ್ದ. ತಾನು ಕಣ್ಣು ಮುಚ್ಚಿದ ಮೇಲೆ ಮಗಳಿಗೆ, ಅವಳ ಮಗಳಿಗೆ, ಯಾರೂ ಹೊರಡು ಎನ್ನಲಾಗದ ಒಂದು ಸೂರು ಇರಬೇಕು. ಥರ್ಜಾಗೆ ಈ ಲೋಕದಿಂದ ಬೇಕಾಗಿದ್ದದ್ದು ಅದೊಂದೇ.

ಕಂಪನಿ ಚಾವಣಿಯ ಮೇಲೆ ಇನ್ನೆರಡು ಮಹಡಿ ಏರಿಸುತ್ತದೆ ಎಂದು ಸುದ್ದಿ ಬಂದಾಗ ಹನ್ನೊಂದನೆಯ ನಂಬರಿನ ಹಿಲರಿ ಕ್ರಾಬ್‌ಟ್ರೀ ಎದ್ದು ನಿಂತಳು. ನಿವೃತ್ತ ಟೀಚರು. ಕಾನೂನು ಓದಿ ನೋಡಿದಳು. ಅರ್ಧ ಮನೆಯವರು ಒಟ್ಟಾದರೆ ಧಣಿ ನೆಲ ಮಾರಲೇಬೇಕು, ಬೇಡ ಎನ್ನುವ ಹಾಗಿಲ್ಲ. ಹನ್ನೆರಡಕ್ಕೆ ಆರು. ಎರಡು ಮನೆ ಕಂಪನಿಯ ಕೈಯಲ್ಲೇ ಇದ್ದವು. ಮೂರು ಮನೆಯ ಮಾಲೀಕರು ಪರದೇಶದಲ್ಲಿದ್ದು ಪತ್ರಕ್ಕೆ ಉತ್ತರ ಕೊಡಲಿಲ್ಲ. ಇನ್ನೊಬ್ಬ, ನನ್ನನ್ನು ಬಿಟ್ಟುಬಿಡಿ ಎಂದು ಬಾಗಿಲು ಹಾಕಿಕೊಂಡ. ಐದು ಮನೆ ಸಿಕ್ಕವು. ಆರನೆಯದು ಥರ್ಜಾಳದು.

ಹಿಲರಿ ಸಹಿಯ ಹಾಳೆಯೊಂದನ್ನೇ ಹಿಡಿದು ಬಂದಳು. ಕನ್ನಡಕ ಎಲ್ಲೋ ಇಟ್ಟಿದ್ದೇನೆ, ಬಿಟ್ಟು ಹೋಗಿ ಎಂದಳು ಥರ್ಜಾ. ಕನ್ನಡಕ ಅವಳ ಏಪ್ರನ್ನಿನ ಜೇಬಿನಲ್ಲೇ ಇತ್ತು. ಟೀಚರಮ್ಮನ ಮುಂದೆ ಇಂಟು ಹಾಕಲು ನಾಚಿಕೆ ಒಂದು ಕಡೆ. ನಾಚಿಕೆಗಿಂತ ದೊಡ್ಡದು ಭಯ. ಹಿಂದೊಮ್ಮೆ ಕಾಗದಕ್ಕೆ ಇಂಟು ಹಾಕಿದಾಗ ಮನೆಯೇ ತೇಲಿಹೋಗಿತ್ತು. ಈ ಸಲ ಹಾಗಾಗಬಾರದು, ಈ ಸಲ ಓದು ಬಂದವರ ಹಾಗೆ ಇರಬೇಕು. ಭಾನುವಾರ ರೋಡಾ ಬಂದಾಗ ಹಾಳೆ ಮುಂದಿಟ್ಟು, "ನೀನೇ ಬರಿ. ಚೆಂದಾಗಿ ಬರಿ," ಎಂದಳು. ರೋಡಾ ಚೆಂದಾಗಿಯೇ ಬರೆದಳು.

ಆ ಚೆಂದದ ಸಹಿಯ ಮೇಲೆ ಈಗ ನ್ಯಾಯಾಧೀಶ ತೀರ್ಪು ಓದಿದ. ನೋಟೀಸಿಗೆ ಪ್ರತಿಯೊಬ್ಬರೂ ಸ್ವಂತ ಕೈಯಿಂದಲೇ ಸಹಿ ಮಾಡಬೇಕೆಂದು ಕಾನೂನು ಹೇಳುತ್ತದೆ. ಮಗಳ ಕೈ ತಾಯಿಯ ಕೈಯಲ್ಲ. ಐದೇ ಸಹಿ ಉಳಿದವು, ಐದು ಸಾಲದು, ನೋಟೀಸು ಬಿದ್ದುಹೋಯಿತು. ಎದುರಿನವರ ವಕೀಲರ ಖರ್ಚನ್ನೂ ಇವರೇ ಕೊಡಬೇಕು. ಕೊನೆಗೆ ಅವನು ಕನ್ನಡಕ ತೆಗೆದು, ಕೆಟ್ಟ ಮನುಷ್ಯನೇನಲ್ಲ ಪಾಪ, ಒಂದು ಮಾತು ಸೇರಿಸಿದ: ಮಿಸೆಸ್ ಪೆಗ್ಲರ್ ತಮ್ಮ ಗುರುತನ್ನೇ ಹಾಕಿದ್ದರೆ ಯಾವ ತೊಡಕೂ ಇರುತ್ತಿರಲಿಲ್ಲ, ಕಾನೂನಿಗೆ ಅದೂ ಸಹಿಯೇ.

ಥರ್ಜಾ ಅದನ್ನು ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡಳು. ಅವಳು ಮುಚ್ಚಿಟ್ಟ ಗೀಟು ಸಿಂಧು. ಅವಳು ಬರೆಸಿದ ಹೆಸರು ಅಸಿಂಧು. ಹದಿನಾಲ್ಕು ತಿಂಗಳು ಹಾಳು.

ಹೊರಗೆ ಕಾಫಿ ಯಂತ್ರದ ಪಕ್ಕ ಹಿಲರಿ ನಿಂತಿದ್ದಳು. ಮುಖ ಕೆಂಪಾಗಿತ್ತು.

"ಮೂವತ್ತೆರಡು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದೀನಿ, ಥರ್ಜಾ. ನಿಮ್ಮ ಮೇಲಿನ ಮಹಡೀಲೇ ಹನ್ನೊಂದು ವರ್ಷದಿಂದ ಇದೀನಿ. ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

ಹನ್ನೊಂದು ವರ್ಷದಿಂದ ಹಿಲರಿ ಪ್ರತಿ ಶನಿವಾರ ಒದ್ದೆ ಮೆಟ್ಟಿಲು ದಾಟಿ ಹೋಗುವಾಗ ಗುಡ್ ಮಾರ್ನಿಂಗ್ ಎನ್ನುತ್ತಿದ್ದಳು. ಒಂದು ದಿನವೂ ನಿಂತು, ನೀವ್ಯಾಕೆ ತೊಳೆಯುತ್ತೀರಿ ಎಂದು ಕೇಳಿರಲಿಲ್ಲ. ನಾಚಿಕೆ ಪಡಬೇಡಿ ಎಂದು ಹೇಳುವುದು ಓದು ಬಂದವರಿಗೆ ಬಲು ಸುಲಭ. ಥರ್ಜಾ ಕೋಟಿನ ಗುಂಡಿ ಹಾಕಿಕೊಂಡು ಬಾಗಿಲ ಕಡೆ ನಡೆದಳು. ರೋಡಾ ಬಸ್ಸಿನಲ್ಲಿ ಮನೆಯವರೆಗೂ ಅಳುತ್ತಿದ್ದಳು, ತಾನೇ ಎಲ್ಲ ಹಾಳು ಮಾಡಿದೆ ಎಂದು.

ಮುಂದಿನ ವಾರ ಹಿಲರಿಯ ಮನೆಯಲ್ಲಿ ಸಭೆ ನಡೆಯಿತು. ಮೆಟ್ಟಿಲು ಹತ್ತುವ ಹೆಜ್ಜೆಗಳನ್ನು ಥರ್ಜಾ ಅಡುಗೆಮನೆಯಿಂದ ಎಣಿಸಿದಳು. ಉಳಿದ ನಾಲ್ಕೂ ಮನೆಯವರು ಹೋದರು. ಅವಳನ್ನು ಯಾರೂ ಕರೆಯಲಿಲ್ಲ. ಅವಳ ಬದಲಿಗೆ ಆರನೆಯವರನ್ನು ಹುಡುಕುವ ಸಭೆ ಅದು ಎಂದು ಆಮೇಲೆ ತಿಳಿಯಿತು. ಪರದೇಶದವರಿಗೆ ಮತ್ತೆ ಬರೆದರು. ಬಾಗಿಲು ಹಾಕಿಕೊಂಡವನ ಬಾಗಿಲು ಮತ್ತೆ ತಟ್ಟಿದರು. ಎರಡು ತಿಂಗಳು ಹೋಯಿತು. ಯಾರೂ ಸಿಗಲಿಲ್ಲ.

ಆಗ ಹಿಲರಿ ಅವಳ ಮನೆಗೆ ಬಂದಳು. ಕೈಯಲ್ಲಿ ಒಂದು ಕಾಪಿ ಪುಸ್ತಕ. ಮೇಲೆ ಹಳದಿ ಬಾತುಕೋಳಿಯ ಚಿತ್ರ. ಒಳಗೆ ಚುಕ್ಕೆ ಚುಕ್ಕೆಯಾಗಿ ಥರ್ಜಾಳ ಹೆಸರು, ಅದರ ಮೇಲೆ ತಿದ್ದಬೇಕು.

"ದಿನಾ ಅರ್ಧ ಗಂಟೆ. ತಿಂಗಳಲ್ಲಿ ಬರುತ್ತೆ. ಕೋರ್ಟಲ್ಲಿ ಮತ್ತೆ ಆ ಅವಮಾನ ಯಾಕೆ?" ಎಂದಳು.

ಅವಮಾನ ಯಾರಿಗೆ ಎಂದು ಅವಳು ಹೇಳಲಿಲ್ಲ. ಥರ್ಜಾ ತಿದ್ದಲು ಕೂತಳು. ಮಡಿಚದ ಬೆರಳು ಪೆನ್ಸಿಲನ್ನು ಅತ್ತ ತಳ್ಳಿತು, ಇತ್ತ ತಳ್ಳಿತು. ಐವತ್ತು ಟನ್ನಿನ ದೋಣಿ ಜೋಡಿಯನ್ನು ಹಗ್ಗದಲ್ಲಿ ನಿಲ್ಲಿಸಿದ ಕೈಗೆ ಒಂದು ಚುಕ್ಕೆ ಸಾಲು ಸಿಗಲಿಲ್ಲ. ನಾಲ್ಕನೆಯ ದಿನ ಹಾಳೆ ಹರಿಯಿತು. ಪರವಾಗಿಲ್ಲ, ತುಂಬಾ ಚೆನ್ನಾಗಿ ಪ್ರಯತ್ನ ಮಾಡಿದಿರಿ ಎಂದು ಹಿಲರಿ ಅವಳ ಭುಜ ತಟ್ಟಿದಳು. ಥರ್ಜಾಗೆ ಆ ಪುಸ್ತಕವನ್ನು ಒಲೆಗೆ ಹಾಕಬೇಕೆನ್ನಿಸಿತು.

ಟೋಬಿ ವೇಕ್‌ಲಿನ್ ಬಂದದ್ದು ಅದೇ ಶನಿವಾರ. ಥರ್ಜಾ ಮೊದಲನೆಯ ಮಹಡಿಯ ಮೆಟ್ಟಿಲು ಉಜ್ಜುತ್ತಿದ್ದಳು. ಬಕೆಟ್ಟಿನ ಪಕ್ಕ ಹೊಳೆಯುವ ಬೂಟು ಬಂದು ನಿಂತಿತು.

"ಇದನ್ನೆಲ್ಲ ನೀವು ಮಾಡಬಾರದು, ಮಿಸೆಸ್ ಪೆಗ್ಲರ್. ಅದಕ್ಕೆ ನಮ್ಮ ಜನ ಇದಾರೆ."

"ಹೌದಾ? ಎಲ್ಲವ್ರೆ?"

ಅವನು ನಕ್ಕು ವಿಷಯಕ್ಕೆ ಬಂದ. ಕೋರ್ಟಿನಲ್ಲಿ ನಡೆದದ್ದಕ್ಕೆ ತನಗೆ ಬೇಸರವಾಗಿದೆ ಎಂದ. ನಮ್ಮ ಅಜ್ಜಿಯೂ ನಿಮ್ಮ ಹಾಗೆಯೇ ಎಂದ. ಕಂಪನಿ ಒಂದು ಉಪಕಾರ ಮಾಡಲು ಮುಂದೆ ಬಂದಿದೆ: ಅವಳ ಮನೆಯೊಂದರ ಗುತ್ತಿಗೆಗೆ ಇನ್ನೂ ತೊಂಬತ್ತು ವರ್ಷ. ಒಂದು ಪೆನ್ನಿ ಕೊಡಬೇಕಾಗಿಲ್ಲ. ಬದಲಿಗೆ ಇನ್ನು ಮುಂದೆ ಯಾವ ನೋಟೀಸಿಗೂ ಸೇರುವುದಿಲ್ಲ ಎಂದು ಒಂದು ಕಾಗದ.

"ಸಹಿ ಏನೂ ಬೇಡ," ಎಂದ ಟೋಬಿ. "ನಿಮ್ಮ ಗುರುತು ಹಾಕಿದರೆ ಸಾಕು. ಎಲ್ಲಿ ಅಂತ ಪೆನ್ಸಿಲಲ್ಲಿ ತೋರಿಸಿದೀನಿ ನೋಡಿ."

ಕಾಗದದ ಕೆಳಗೆ ಅವನು ಪುಟ್ಟದಾಗಿ ಎರಡು ಗೀಟು ಎಳೆದಿಟ್ಟಿದ್ದ.

ಅವಳ ಮನಸ್ಸು ಅಲುಗಿತು. ಅಲುಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅರವತ್ತಕ್ಕೆ ತೊಂಬತ್ತು ಸೇರಿದರೆ ನೂರೈವತ್ತು. ರೋಡಾ, ರೋಡಾಳ ಮಗಳು, ಅವಳ ಮಗು, ಆ ಮಗುವಿನ ಮಕ್ಕಳು. ಯಾರೂ ಪೆಟ್ಟಿಗೆ ಕಟ್ಟಬೇಕಾಗಿಲ್ಲ. ಮೇಲಿನ ಐವರು ಅವಳಿಗೆ ಏನು ಮಾಡಿದ್ದರು? ಅವಳನ್ನು ಬಿಟ್ಟು ಸಭೆ ಮಾಡಿದ್ದರು, ಬಾತುಕೋಳಿಯ ಪುಸ್ತಕ ಕೊಟ್ಟಿದ್ದರು. ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. ಪೆನ್ನು ತೆಗೆದುಕೊಂಡೂಬಿಟ್ಟಳು.

"ಓದು," ಎಂದಳು.

"ಏನು?"

"ಇದ್ರಾಗೆ ಏನೈತೋ ಓದು. ಎಲ್ಲಾನೂ."

"ಅದೆಲ್ಲ ಕಾನೂನಿನ ಭಾಷೆ, ಮಿಸೆಸ್ ಪೆಗ್ಲರ್. ನಿಮಗೆ ಬೇಜಾರಾಗುತ್ತೆ. ಸಾರಾಂಶ ನಾನು ಹೇಳಿದ್ನಲ್ಲ."

ಮಂಜಿನ ಮೇಲೆ ನಡೆದು ಬಂದ ಗುಮಾಸ್ತನೂ ಸಾರಾಂಶವನ್ನೇ ಹೇಳಿದ್ದ. ಅವನ ಕೈಚೀಲ, ಅವನ ಮೂಗಿನ ತುದಿಯ ಹನಿ, ಎಲ್ಲವೂ ಥರ್ಜಾಗೆ ನೆನಪಿತ್ತು. ಅವಳು ಗೋಡೆ ಹಿಡಿದು ಎದ್ದಳು. ಮಂಡಿ ಲಟಕ್ ಎಂದಿತು.

"ಕೋರ್ಟ್ನಾಗೆ ನೀವು ನಂಗೆ ಪೆನ್ನು ಕೊಟ್ಟು ಹೆಸರು ಬರಿ ಅಂದ್ರಿ. ಎಲ್ರ ಮುಂದೆ. ನೀನು ಅಲ್ಲೇ ಕುಂತು ನಗ್ತಿದ್ದೆ, ನಾನು ನೋಡಿವ್ನಿ. ಇವತ್ತು ಹೆಸರು ಬ್ಯಾಡ, ಇಂಟು ಸಾಕು. ಅವತ್ತು ನಗು ಬರಿಸಿದ ಇಂಟು ಇವತ್ತು ಬೇಕಾಗೈತೆ."

"ಹಾಗಲ್ಲ..."

"ನನ್ ಗೀಟು ನೀನು ಬರೆದು ತರ್ತೀಯಾ? ನಂಗೆ ಅದನ್ನೂ ತಿದ್ದಾಕೆ ಕೊಡ್ತೀಯಾ?" ಅವಳ ದನಿ ಮೂರು ಮಹಡಿಗೂ ಕೇಳಿಸಿತು. "ಹೊರಡು."

ಜೀವಮಾನದಲ್ಲಿ ಮೊದಲ ಸಲ ಆ ಮಾತನ್ನು ಅವಳು ಇನ್ನೊಬ್ಬರಿಗೆ ಹೇಳಿದ್ದಳು. ಟೋಬಿ ಕಾಗದ ಮಡಿಚಿಕೊಂಡ.

"ಮೆಟ್ಲು ಒದ್ದೆ ಐತೆ, ಹುಷಾರು," ಎಂದಳು ಅವನ ಬೆನ್ನಿಗೆ. "ನೀನು ಜಾರಿದ್ರೆ ಅದ್ಕೂ ನಂಗೇ ಕಾಗ್ದ ಬರ್ತೈತೆ."

ಸಂಜೆ ರೋಡಾಗೆ ಹೇಳಿದಾಗ ಅವಳು ಚಹಾದ ಲೋಟ ಕೆಳಗಿಟ್ಟಳು.

"ತೊಂಬತ್ತು ವರ್ಷ, ಅಮ್ಮಾ. ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಆ ಕಾಗ್ದದಾಗೆ ಏನಿತ್ತೋ ಏನೋ."

"ಅವನು ಹೇಳಿದ್ದೇ ಇತ್ತೇನೋ."

ಇದ್ದಿರಲೂಬಹುದು. ಥರ್ಜಾಗೆ ಗೊತ್ತಿಲ್ಲ. ಅದೇ ಅವಳ ಸಿಟ್ಟು. ಎಪ್ಪತ್ತೆರಡು ವರ್ಷ ಕಾಗದಗಳ ನಡುವೆ ಬದುಕಿ, ಯಾವ ಕಾಗದ ಮನೆ ಕೊಡುತ್ತದೆ, ಯಾವುದು ಕಸಿಯುತ್ತದೆ ಎಂದು ಇನ್ನೂ ಮುಖ ನೋಡಿಯೇ ಹೇಳಬೇಕು. ಮಗಳ ಕೈ ಹಿಡಿಯಲು ಹೋದಳು. ರೋಡಾ ಬಸ್ಸಿಗೆ ಹೊತ್ತಾಯಿತು ಎಂದು ಎದ್ದಳು. ಬಾಗಿಲಲ್ಲಿ ಮುತ್ತು ಕೊಡಲಿಲ್ಲ.

ಮರುದಿನ ಥರ್ಜಾ ಬಾತುಕೋಳಿಯ ಪುಸ್ತಕ ಹಿಡಿದು ಮೆಟ್ಟಿಲು ಹತ್ತಿದಳು. ಹನ್ನೊಂದು ವರ್ಷದಲ್ಲಿ ಹಿಲರಿಯ ಮನೆಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಐದು ಮನೆಯವರೂ ಇದ್ದರು, ಮತ್ತೊಂದು ಸಭೆ. ಅವಳು ಪುಸ್ತಕವನ್ನು ಮೇಜಿನ ಮೇಲೆ, ಬಿಸ್ಕೆಟ್ಟಿನ ತಟ್ಟೆಯ ಪಕ್ಕ ಇಟ್ಟಳು.

"ಇದು ನಂಗೆ ಬ್ಯಾಡ. ನಾನು ಇಂಟೇ ಹಾಕಾದು. ನಮ್ಮಪ್ಪನೂ ಅದೇ ಹಾಕ್ತಿದ್ದ."

"ಥರ್ಜಾ, ಅವರು ಮತ್ತೆ ತಕರಾರು ತೆಗೀತಾರೆ. ಅಕ್ಷರದಲ್ಲಿದ್ರೆ..."

"ತೆಗೀಲಿ. ಜಡ್ಜು ಸಾಕು ಅಂದವ್ನೆ. ನಿಮ್ಗೆ ನಾಚ್ಕೆ ಆಗೋದಾದ್ರೆ ನೀವು ಆ ಕಡೆ ನೋಡಿ." ಅವಳು ಕುರ್ಚಿ ಎಳೆದುಕೊಂಡು ಕೂತಳು. "ಇನ್ನೊಂದು ಮಾತು. ಹೊಸಾ ನೋಟೀಸು ಪೂರ್ತಿ ಓದಬೇಕು. ಮೊದಲ್ನೇ ಹಾಳೆಯಿಂದ. ಗಟ್ಟಿಯಾಗಿ. ಓದ್ದೇ ನಾನು ಯಾವ್ದಕ್ಕೂ ಗೀಟು ಹಾಕಾಕಿಲ್ಲ. ಅವ್ರಿಗೂ ಇಲ್ಲ, ನಿಮ್ಗೂ ಇಲ್ಲ."

ಇಪ್ಪತ್ತಾರು ಪುಟ. ಏಳನೆಯ ನಂಬರಿನ ಡೆನ್ಜಿಲ್ ಗಡಿಯಾರ ನೋಡಿಕೊಂಡ. ಅಷ್ಟೂ ಓದುವುದು ಯಾಕೆ, ವಕೀಲರು ನೋಡಿದ್ದಾರಲ್ಲ ಎಂದ. ನೀವು ಓದಿದ್ದೀರಾ ಎಂದು ಥರ್ಜಾ ಕೇಳಿದಳು. ಅವನು ಬಿಸ್ಕೆಟ್ಟು ತೆಗೆದುಕೊಂಡ. ಆಗ ಗೊತ್ತಾಯಿತು, ಆ ಕೋಣೆಯಲ್ಲಿ ಓದು ಬಂದ ಒಬ್ಬರೂ ಅದನ್ನು ಪೂರ್ತಿ ಓದಿರಲಿಲ್ಲ. ಎಲ್ಲರೂ ಕೊನೆಯ ಹಾಳೆಗೆ ಸಹಿ ಹಾಕಿದವರೇ.

ಹಿಲರಿ ಓದಿದಳು. ಟೀಚರ ದನಿ, ಸ್ಪಷ್ಟವಾಗಿತ್ತು. ಥರ್ಜಾ ಕಣ್ಣು ಮುಚ್ಚಿ ಕೇಳಿದಳು. ತಿಳಿಯದ ಮಾತು ಬಂದಾಗಲೆಲ್ಲ ಕೈ ಎತ್ತಿ, ಹಂಗಂದ್ರೆ ಏನು ಎಂದಳು. ಒಂದೆರಡು ಕಡೆ ಹಿಲರಿಗೂ ತಿಳಿಯಲಿಲ್ಲ. ಹದಿನೇಳನೆಯ ಪುಟಕ್ಕೆ ಬಂದಾಗ ಒಂದೂವರೆ ಗಂಟೆಯಾಗಿತ್ತು. ಅಲ್ಲಿ ಕೊಳ್ಳಬೇಕಾದ ನೆಲದ ಎಲ್ಲೆ: ಪೂರ್ವಕ್ಕೆ ರಸ್ತೆ, ಉತ್ತರಕ್ಕೆ ಕಾರು ನಿಲ್ಲಿಸುವ ಜಾಗ, ದಕ್ಷಿಣಕ್ಕೆ ಪಕ್ಕದ ಕಟ್ಟಡದ ಗೋಡೆ, ಪಶ್ಚಿಮಕ್ಕೆ ಕಟ್ಟಡದ ಹಿಂಗೋಡೆ.

"ಕಟ್ಟೆ ಎಲ್ಲೋಯ್ತು?" ಎಂದಳು ಥರ್ಜಾ.

"ಯಾವ ಕಟ್ಟೆ?"

"ಹಿಂಗೋಡೆಯಿಂದ ನೀರಿನ ಗಂಟ ಹನ್ನೊಂದು ಹೆಜ್ಜೆ ಐತೆ. ಕಲ್ಲು ಹಾಸೈತೆ. ದೋಣಿ ಕಟ್ಟೋ ಕಬ್ಬಿಣದ ಬಳೆ ಐತಲ್ಲ, ಅಲ್ಲೀಗಂಟ. ನಾವು ಕಲ್ಲಿದ್ದಲು ಇಳಿಸ್ತಿದ್ದ ಕಟ್ಟೆ ಅದು. ನಿಮ್ ಕಸದ ಡಬ್ಬಿ ಇಟ್ಟಿರಾದು ಎಲ್ಲಿ? ಬೆಂಕಿ ಬಿದ್ರೆ ಇಳ್ಯೋ ಏಣಿ ನಿಂತಿರಾದು ಎಲ್ಲಿ?"

ಡೆನ್ಜಿಲ್ ಕಿಟಕಿಗೆ ಹೋಗಿ ಕೆಳಗೆ ನೋಡಿದ. ಹಿಲರಿ ನಕ್ಷೆ ಬಿಡಿಸಿದಳು. ಹನ್ನೊಂದು ಹೆಜ್ಜೆಯ ಕಲ್ಲಿನ ಪಟ್ಟಿ ಕೆಂಪು ಗೆರೆಯ ಆಚೆಗಿತ್ತು. ಮೊದಲನೆಯ ನೋಟೀಸಿನಲ್ಲೂ ಹಾಗೆಯೇ ಇತ್ತು. ಅದು ಗೆದ್ದಿದ್ದರೆ ಕಟ್ಟಡ ಇವರದಾಗಿ, ಹಿಂಬಾಗಿಲ ಹೊಸ್ತಿಲಿಂದಾಚೆ ಕಂಪನಿಯದೇ ಆಗಿರುತ್ತಿತ್ತು.

ಯಾರೂ ಭೇಷ್ ಎನ್ನಲಿಲ್ಲ. ಡೆನ್ಜಿಲ್ ತಲೆ ಹಿಡಿದುಕೊಂಡು ಕೂತ. ಮತ್ತೆ ವಕೀಲ, ಮತ್ತೆ ಸರ್ವೇಯರ್, ಮತ್ತೆ ಹೊಸ ನಕ್ಷೆ. ಐದು ವಾರ ಹೋಯಿತು. ನೋಟೀಸು ತಿದ್ದಿ ಬಂದ ದಿನ ಥರ್ಜಾ ಮತ್ತೆ ಮೊದಲನೆಯ ಪುಟದಿಂದ ಓದಿ ಎಂದಳು. ಹಿಲರಿ ಕಣ್ಣು ಮುಚ್ಚಿ ತೆರೆದು, ಓದಿದಳು.

ಓದು ಮುಗಿದ ಮೇಲೆ ಥರ್ಜಾ ಪೆನ್ನನ್ನು ಸಲಿಕೆ ಹಿಡಿಯುವ ಹಾಗೆ ಮುಷ್ಟಿಯಲ್ಲಿ ಹಿಡಿದಳು. ಒಂದು ಗೀಟು. ಅದರ ಮೇಲೆ ಇನ್ನೊಂದು. ಹಿಲರಿ ಸಾಕ್ಷಿಯಾಗಿ ಪಕ್ಕದಲ್ಲಿ ಸಹಿ ಮಾಡಿದಳು. ಆ ಕಡೆ ನೋಡಲಿಲ್ಲ, ಈ ಕಡೆಯೇ ನೋಡಿದಳು. ರೋಡಾ ಬಂದಿದ್ದಳು. ಬಾಗಿಲ ಬಳಿ ನಿಂತಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ, ಹೊರಟೂ ಹೋಗಲಿಲ್ಲ.

ಆರು ವಾರಕ್ಕೆ ಕಂಪನಿಯ ವಕೀಲರಿಂದ ಕಾಗದ ಬಂತು. ನೋಟೀಸಿನಲ್ಲಿರುವ ಗುರುತು ಶ್ರೀಮತಿ ಪೆಗ್ಲರ್ ಅವರದೇ ಎಂದು ತಮ್ಮ ಕಕ್ಷಿದಾರರಿಗೆ ಖಚಿತವಾಗಿಲ್ಲ. ಹಿಂದಿನ ಘಟನೆಯ ಹಿನ್ನೆಲೆಯಲ್ಲಿ ಅನುಮಾನಕ್ಕೆ ಆಸ್ಪದವಿದೆ. ಗುರುತಿನ ಮಾದರಿಯನ್ನೂ ಪುರಾವೆಯನ್ನೂ ಒದಗಿಸತಕ್ಕದ್ದು.

ಹಿಲರಿ ಅದನ್ನು ಥರ್ಜಾಳ ಅಡುಗೆಮನೆಯಲ್ಲಿ ನಿಂತು ಓದಿದಳು. ಓದುತ್ತ ಓದುತ್ತ ಅವಳ ದನಿ ಏರಿತು. ಟೀಚರಮ್ಮನಿಗೆ ಇಷ್ಟು ಸಿಟ್ಟು ಬರುವುದನ್ನು ಥರ್ಜಾ ನೋಡಿರಲಿಲ್ಲ. ಮತ್ತೆ ಕೋರ್ಟು, ಮತ್ತೊಂದು ವರ್ಷ, ಇವರಿಗೆ ಏನು ಮಾಡಿದರೆ ಸಾಕಾಗುತ್ತದೆ ಎಂದು ಹಿಲರಿ ಕುರ್ಚಿಯಲ್ಲಿ ಕುಸಿದಳು. ನೆಲದ ಬೆಲೆಯ ಮಾತು ಇನ್ನೂ ಶುರುವೇ ಆಗಿರಲಿಲ್ಲ.

ಥರ್ಜಾ ಕೈ ಚಾಚಿ ಕಾಗದ ಇಸಿದುಕೊಂಡಳು. ಅದರ ಬೆನ್ನು ಖಾಲಿಯಿತ್ತು. ಪೆನ್ನು ತೆಗೆದು ಎಡ ಮೂಲೆಯಿಂದ ಶುರು ಮಾಡಿದಳು. ಎರಡು ಗೀಟು. ಪಕ್ಕದಲ್ಲಿ ಎರಡು ಗೀಟು. ಸಾಲು ತುಂಬಿತು, ಕೆಳಗಿನ ಸಾಲಿಗೆ ಬಂದಳು. ಮಣಿಕಟ್ಟು ನೋಯಿತು, ಬಿಡಲಿಲ್ಲ. ಚಹಾ ಆರಿಹೋಯಿತು. ಬಲ ಮೂಲೆಯವರೆಗೂ ಬೆರಳೂರಲು ಜಾಗವಿಲ್ಲದ ಹಾಗೆ ತುಂಬಿಸಿ ಹಿಲರಿಯ ಮುಂದೆ ತಳ್ಳಿದಳು.

"ಲಕೋಟೆಗೆ ಹಾಕಿ ಕಳ್ಸಿ. ಯಾವ್ದು ಬೇಕೋ ಆರಿಸ್ಕಳ್ಳಿ."

"ಹೀಗೆಲ್ಲ ಉತ್ತರ ಕೊಡೋ ಹಾಗಿಲ್ಲ, ಥರ್ಜಾ."

"ಸಾಲ್ದು ಅಂದ್ರೆ ಇನ್ನೊಂದು ಕಾಗ್ದ ಕಳ್ಸಾಕೆ ಹೇಳಿ. ಅದ್ರ ಬೆನ್ನೂ ತುಂಬಿಸ್ತೀನಿ. ನಾನು ಎಲ್ಲಿಗೂ ಹೊರಡಾಕಿಲ್ಲ."

ಹಿಲರಿ ಕಾಗದವನ್ನು ಎರಡೂ ಮಗ್ಗುಲು ತಿರುಗಿಸಿ ನೋಡಿದಳು. ಆಮೇಲೆ ಅವಳೇ ಪೆನ್ನು ತೆಗೆದು, ಕೆಳಗಿನ ಅಂಚಿನಲ್ಲಿ ಉಳಿದಿದ್ದ ಚೂರು ಜಾಗದಲ್ಲಿ, ಇವೆಲ್ಲವೂ ನನ್ನ ಕಣ್ಣೆದುರಿಗೇ ಹಾಕಿದವು ಎಂದು ಬರೆದು, ಸಹಿ ಮಾಡಿದಳು.